ಮಾವ ಅಳಿಸಿದ ಮೂವರು ಮುನಿಯಪ್ಪಂದಿರು

ನಮ್ಮ ಸೋದರಮಾವನಷ್ಟು ಸಾಧು ಮನುಷ್ಯರು ಹಲಸೂರಿನಿಂದ ಕೆ.ಆರ್. ಪುರದವರೆಗೆ ಹುಡುಕಿದರೂ ಸಿಕ್ಕಲಾರರು. ಜಿರಳೆ ಕಂಡರೂ ಪೊರಕೆ ಎತ್ತುವುದಿಲ್ಲ. ಬಾಗಿಲು ತೆಗೆದು "ಹೋಗಪ್ಪಾ, ಹೋಗು" ಎನ್ನುತ್ತಾರೆ. ಅಂಥವರು ಒಂದು ಭಾನುವಾರ, ಬೆಳಗಿನ ಇಡ್ಲಿಗೂ ಮಧ್ಯಾಹ್ನದ ಮುದ್ದೆಗೂ ನಡುವೆ, ಕೂತ ಕುರ್ಚಿಯಿಂದ ಏಳದೆಯೇ ನಮ್ಮ ವಂಶದ ಮೂವರು ಮುನಿಯಪ್ಪಂದಿರನ್ನು ಇಲ್ಲವಾಗಿಸಿಬಿಟ್ಟರು! ಮೂವರೂ ಆಗ ಗುಂಡುಕಲ್ಲಿನ ಹಾಗಿದ್ದರು. ಒಬ್ಬರು ಕಲ್ಯಾಣ ನಗರದ ತಮ್ಮ ಮನೆಯೆದುರು ನಿಂತು ಕಾರು ತೊಳೆಸುತ್ತಿದ್ದರು. ಇನ್ನೊಬ್ಬ ಬೈಯಪ್ಪನಹಳ್ಳಿಯಲ್ಲಿ ಗೂಡ್ಸ್ ಆಟೋಗೆ ಸರಕು ಹೇರುತ್ತಿದ್ದ. ಮತ್ತೊಬ್ಬ ತೊಟ್ಟಿಲಲ್ಲಿ ಮಲಗಿ ಕಾಲು ಆಡಿಸುತ್ತಿದ್ದ. ತಾವು ಇಲ್ಲವಾಗಿದ್ದು ಮೂವರಿಗೂ ಗೊತ್ತೇ ಆಗಲಿಲ್ಲ.

ಗಾಬರಿಯಾಗಬೇಡಿ. ರಕ್ತ ಹರಿಯಲಿಲ್ಲ, ಪೊಲೀಸರೂ ಬರಲಿಲ್ಲ. ನಡೆದದ್ದೆಲ್ಲ ಮಾವನ ಲ್ಯಾಪ್‌ಟಾಪಿನೊಳಗೆ, ಸ್ಪ್ರೆಡ್‌ಶೀಟ್ ಎಂಬ ಚೌಕಳಿ ಹಾಳೆಯ ಮೇಲೆ. ಆದರೆ ಆಮೇಲಾದ ರಾದ್ಧಾಂತ ನೋಡಿದ ಮೇಲೆ, ಪೊಲೀಸರೇ ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದುಂಟು.

ಕಮರ್ಷಿಯಲ್ ಸ್ಟ್ರೀಟಿನಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ ಮಾವನದು ಗುಂಡಿ ಅಂಗಡಿ. ಅಂಗಿಗೆ ಹೊಲಿಯುವ ಗುಂಡಿ ಸ್ವಾಮಿ, ರಸ್ತೆಯ ಗುಂಡಿಯಲ್ಲ. ರಸ್ತೆಯ ಗುಂಡಿಗೆ ಅಂಗಡಿ ಯಾಕೆ ಬೇಕು? ಅದು ನಮ್ಮ ಬೆಂಗಳೂರಿನಲ್ಲಿ ಬಿಟ್ಟಿಯಾಗಿ, ಮನೆ ಬಾಗಿಲಿಗೇ ಸಿಗುತ್ತದೆ. ಅಂಗಡಿಯ ಗೋಡೆಯ ತುಂಬ ರಟ್ಟಿನ ಡಬ್ಬಿಗಳು. ಒಳಗೆ ಯಾವ ಗುಂಡಿ ಇದೆಯೋ ಅಂಥದ್ದೇ ಒಂದು ಡಬ್ಬಿಯ ಮುಖದ ಮೇಲೆ ಹೊಲಿದಿರುತ್ತದೆ. ಒಂದು ಡಬ್ಬಿಯ ಗುಂಡಿ ಇನ್ನೊಂದಕ್ಕೆ ಬಿದ್ದರೆ ಮಾವನಿಗೆ ಆ ಹೊತ್ತು ಊಟ ಸೇರುವುದಿಲ್ಲ. ಇಂಥ ಮನುಷ್ಯನ ಕೈಗೆ ಲ್ಯಾಪ್‌ಟಾಪ್ ಕೊಡಬಾರದಿತ್ತು. ಕೊಟ್ಟೆವು.

ಶುರುವಾದದ್ದು ಹೀಗೆ. ಗುಂಡಿ ಕಳಿಸುವ ಸಗಟು ವ್ಯಾಪಾರಿ ಇದ್ದಕ್ಕಿದ್ದಂತೆ ಮುದ್ರಿಸಿದ ಪಟ್ಟಿ ಕಳಿಸುವುದನ್ನು ನಿಲ್ಲಿಸಿ, ಒಂದು ಫೈಲು ಕಳಿಸಿದ. ಮಾವ ತೆರೆದು ನೋಡುತ್ತಾರೆ, ಗುಂಡಿಯೂ ಇಲ್ಲ, ದಾರವೂ ಇಲ್ಲ. ಪುಟದ ತುಂಬ ಬಾಗಿದ ಬ್ರಾಕೆಟ್ಟುಗಳು! ಪಕ್ಕದಲ್ಲಿ ಲೇಸು ಮಾರುವ ರಫೀಕ್ ಭಾಯಿ ಬಗ್ಗಿ ನೋಡಿ, "ಯೇ ಕ್ಯಾ ಜೀ, ಪೂರಾ ಬ್ರಾಕೆಟ್‌ಇಚ್ ಬ್ರಾಕೆಟ್ ಹೈ! ಎಲ್ಲಾ ಮೀನಿನ ಗಾಳ ಇದ್ದಂಗಿದೆ" ಅಂದರಂತೆ. ಮಾವ ಅಂಗಡಿ ನೋಡಿಕೊಳ್ಳಲು ಅವರಿಗೆ ಹೇಳಿ ಸೀದಾ ನಮ್ಮ ಮನೆಗೆ ಬಂದರು. ನಾನು ಹಲಸೂರಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವಳು. ಮಕ್ಕಳ ಅಂಕಗಳನ್ನು ಕಂಪ್ಯೂಟರಿಗೆ ತುಂಬುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ನೆಂಟರಲ್ಲೆಲ್ಲ 'ಕಂಪ್ಯೂಟರ್ ಗೊತ್ತಿರೋಳು' ಎಂದು ಹೆಸರಾಗಿದ್ದೇನೆ.

"ಮಾವ, ಇದಕ್ಕೆ ಜೇಸನ್ ಅಂತಾರೆ," ಎಂದೆ.

"ಯಾವ ಜೇಸನ್? ಫ್ರೇಜರ್ ಟೌನಿನವನಾ?"

"ಮನುಷ್ಯ ಅಲ್ಲ ಮಾವ. ಈ ಥರದ ಫೈಲಿಗೇ ಹಂಗಂತಾರೆ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ ಇಟ್ಟಂಗೆ ಮಾಹಿತಿ ಇಟ್ಟಿರ್ತಾರೆ. ಬಿಚ್ಚಿ ಸಾಲು ಸಾಲಾಗಿ ಶೀಟಿಗೆ ಹಾಕ್ಕೋಬೇಕು."

'ಸಾಲು ಸಾಲಾಗಿ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾವನ ಮುಖ ಮದುವೆಗೆ ಹೆಣ್ಣು ಒಪ್ಪಿದವರ ಹಾಗೆ ಅರಳಿತು. ಅಂದಿನಿಂದ ಅವರ ಮಟ್ಟಿಗೆ ಜೇಸನ್ ಒಬ್ಬ ಮನುಷ್ಯನೇ. ಒಂದು ಸಂಜೆ ಅಂಗಡಿಯಿಂದ ಬಂದವರೇ "ಏ, ಜೇಸನ್ ಬಂದಿದ್ದಾನೆ ಕಣೇ!" ಎಂದು ಕೂಗಿದರಂತೆ. ಅತ್ತೆ ಪಾಪ, ಸೆರಗು ಸರಿ ಮಾಡಿಕೊಂಡು ಮೂರು ಲೋಟ ಕಾಫಿ ತಂದಳು!

ಮಾವ ಮೊದಲನೆಯ ಶೀಟು ಸಿದ್ಧ ಮಾಡಿ, ಮುದ್ರಿಸಿ ಅಂಗಡಿಯಲ್ಲಿ ತೂಗು ಹಾಕಿದ ದಿನ ಗಲ್ಲಿಯೇ ಸೇರಿತ್ತು. ಒಂದೇ ಒಂದು ಎಡವಟ್ಟಾಗಿತ್ತು. ಗುಂಡಿಯ ಅಳತೆ ಮುಕ್ಕಾಲು ಇಂಚು ಎಂದರೆ ಮೂರರ ಕೆಳಗೆ ನಾಲ್ಕು ಅಲ್ಲವೇ? ಆ ಶೀಟು ಮೂರು, ಓರೆಗೆರೆ, ನಾಲ್ಕು ಎಂದು ಕಂಡ ಕೂಡಲೇ ಅದನ್ನು ತಾರೀಖು ಎಂದುಕೊಂಡಿತು. ಮುಕ್ಕಾಲು ಇಂಚಿನ ಗುಂಡಿ ಏಪ್ರಿಲ್ ಮೂರಾಗಿತ್ತು. ಅರ್ಧ ಇಂಚಿನದು ಫೆಬ್ರವರಿ ಒಂದು. ದರ್ಜಿಯೊಬ್ಬ ಬಂದು ಪಟ್ಟಿ ಓದಿ, "ಸಾರ್, ಏಪ್ರಿಲ್ ಗುಂಡಿ ಈಗ್ಲೇ ಸಿಗುತ್ತಾ, ಏಪ್ರಿಲ್‌ನಲ್ಲೇ ಬರ್ಬೇಕಾ?" ಎಂದು ಕೇಳಿದ. ರಫೀಕ್ ಭಾಯಿ ಬಿಡುತ್ತಾರೆಯೇ? "ಮೇರೆಕು ಆಗಸ್ಟ್ ಪಂದ್ರಾ ಕಾ ಗುಂಡಿ ಹೋನಾ ಜೀ, ಝಂಡಾ ಹಾರಿಸೋ ದಿನ ಶೇರ್ವಾನಿಗೆ ಹಾಕ್ಕೋತೀನಿ!"

ಇನ್ನೊಬ್ಬರಾಗಿದ್ದರೆ ಇಷ್ಟಕ್ಕೇ ಕೈಮುಗಿದು ಬಿಡುತ್ತಿದ್ದರು. ಮಾವ ಹಟ ಹಿಡಿದು ಅದನ್ನು ಸರಿಪಡಿಸುವುದನ್ನು ಕಲಿತರು, ಕಲಿತ ಮೇಲೆ ಅವರ ಕಣ್ಣಿಗೆ ಜಗತ್ತಿನಲ್ಲಿ ಬಿಚ್ಚಿ ಸಾಲಾಗಿ ಇಡದ ವಸ್ತುಗಳೇ ಕಾಣತೊಡಗಿದವು. "ನಮ್ಮ ಜನದ ತೊಂದ್ರೆ ಏನು ಗೊತ್ತೇನಮ್ಮಾ? ಎಲ್ಲಾನೂ ಒಳಗೊಳಗೇ ಇಟ್ಕೋತಾರೆ. ಬಿಚ್ಚಿ ಸಾಲಾಗಿ ಹಾಕ್ಬಿಟ್ರೆ ಜಗಳಾನೇ ಇರಲ್ಲ." ಹೊಟ್ಟೆನೋವೆಂದು ಡಾಕ್ಟರ ಬಳಿ ಹೋದಾಗಲೂ ಲ್ಯಾಪ್‌ಟಾಪ್ ಜೊತೆಗೇ ಹೋಯಿತು.

"ಹೊಟ್ಟೆ ತೋರ್ಸಿ ಸಾರ್," ಎಂದರು ಡಾಕ್ಟರು.

"ಮೊದ್ಲು ಶೀಟು ನೋಡಿ. ಹೊಟ್ಟೆ ಎರಡನೇ ಪುಟದಲ್ಲಿದೆ. ಮೊದಲನೇದು ಮಂಡಿ."

ಡಾಕ್ಟರು ತಾಳ್ಮೆಯ ಮನುಷ್ಯ. ಪೂರ್ತಿ ಓದಿದರು. ನೋವಿನ ಜಾಗ, ಶುರುವಾದ ಹೊತ್ತು, ಹಿಂದಿನ ದಿನ ತಿಂದದ್ದು, ಅತ್ತೆಯ ಅಭಿಪ್ರಾಯ, ಎಲ್ಲಕ್ಕೂ ಒಂದೊಂದು ಕಾಲಂ. ಓದಿ ಮುಗಿಸಿ, "ನಿಮ್ಮ ಮನೆಯವರ ಅಭಿಪ್ರಾಯವೇ ನನ್ನದೂ. ಬೋಂಡ ಕಮ್ಮಿ ಮಾಡಿ," ಅಂದರು. ಮಾವ ಅಲ್ಲಿಯೇ ಕೂತು 'ಡಾಕ್ಟರ ಅಭಿಪ್ರಾಯ' ಎಂದು ಹೊಸ ಕಾಲಂ ಮಾಡಿ, ಅದರಲ್ಲಿ 'ಎಡಗಡೆಯ ಕಾಲಂನದೇ' ಎಂದು ತುಂಬಿಸಿದರು.

ಮುನಿಯಪ್ಪಂದಿರ ಕಥೆಗೆ ಬರುವ ಮೊದಲು ಅತ್ತೆಯ ವಿಚಾರ ಹೇಳಬೇಕು, ಇಲ್ಲದಿದ್ದರೆ ನಿಮಗೆ ಮಾವನ ಕಷ್ಟ ಅರ್ಥವಾಗುವುದಿಲ್ಲ. ನನ್ನ ಅಮ್ಮನಿಗೆ ಒಬ್ಬ ಅಕ್ಕ, ಅವರೇ ನಮ್ಮ ದೊಡ್ಡಮ್ಮ. ಇಬ್ಬರಿಗೂ ಕಿರಿಯ ತಮ್ಮ, ಈ ಮಾವ. ಹಿಂದಿನ ಕಾಲದ ವಾಡಿಕೆಯಂತೆ ಮಾವನಿಗೆ ಸ್ವಂತ ಅಕ್ಕನ ಮಗಳನ್ನೇ, ಅಂದರೆ ದೊಡ್ಡಮ್ಮನ ಮಗಳನ್ನೇ ಕೊಟ್ಟು ಮದುವೆ ಮಾಡಿದರು. ಹಾಗಾಗಿ ಅವಳು ನನಗೆ ಹುಟ್ಟಿನಿಂದ ಅಕ್ಕ, ಮದುವೆಯಿಂದ ಅತ್ತೆ. ಹಬ್ಬಕ್ಕೆ ಸೀರೆ ಕೊಡುವಾಗ ಅತ್ತೆ, ಪಾತ್ರೆ ತೊಳೆಯಲು ಕರೆದಾಗ ಅಕ್ಕ. ದೊಡ್ಡಮ್ಮ ಮಾವನಿಗೆ ಅಕ್ಕನೂ ಹೌದು, ಹೆಣ್ಣು ಕೊಟ್ಟ ಅತ್ತೆಯೂ ಹೌದು. ಅಮ್ಮನ ಕಡೆಯ ಲೆಕ್ಕದಲ್ಲಿ ಮಾವನಿಗೆ ನನ್ನನ್ನೂ ಕೊಡಬಹುದಿತ್ತು; ಪುಣ್ಯಕ್ಕೆ ಅಕ್ಕ ನನಗಿಂತ ಎಷ್ಟೋ ಮೊದಲು ಹುಟ್ಟಿ ನನ್ನನ್ನು ಕಾಪಾಡಿದಳು!

ಈಗ ಕೇಳಿ. ಒಂದು ಬೇಸಿಗೆ ರಜೆಯಲ್ಲಿ ನನ್ನ ಮಗಳು ವಂಶವೃಕ್ಷ ಬರೆಯುವ ಯಾವುದೋ ಆ್ಯಪಿನಲ್ಲಿ ನಮ್ಮ ನೆಂಟರನ್ನೆಲ್ಲ ತುಂಬಿದ್ದಳು. ಕೆಲವು ಕಾಲದ ಮೇಲೆ ಆ ಆ್ಯಪಿನವರು, ಅಂಗಡಿ ಮುಚ್ಚುತ್ತಿದ್ದೇವೆ, ನಿಮ್ಮ ವಂಶವನ್ನು ನೀವೇ ತೆಗೆದುಕೊಂಡು ಹೋಗಿ ಎಂದು ಒಂದು ಫೈಲು ಕಳಿಸಿದರು. ಅದೇ ವರ್ಷ ಮುನೇಶ್ವರನ ಪೂಜೆಗೆ ನೆಂಟರನ್ನು ಕರೆಯುವ ಸರದಿ ಮಾವನದು. ಕೆ.ಆರ್. ಪುರದಾಚೆ ನಮ್ಮ ತಾತಂದಿರ ಹಳ್ಳಿಯಿತ್ತು. ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟುಗಳು. ಮುನೇಶ್ವರ ಮಾತ್ರ ಬೇವಿನ ಮರದ ಕೆಳಗೆ, ಕಾರುಗಳು ಇಳಿಯುವ ಬೇಸ್‌ಮೆಂಟನ್ನೇ ನೋಡುತ್ತ ಕೂತಿದ್ದಾನೆ. ವರ್ಷಕ್ಕೊಮ್ಮೆ ಎಲ್ಲರೂ ಅಲ್ಲಿ ಸೇರಿ ಪೂಜೆ ಮಾಡಿ ಬಾಡೂಟ ಉಂಡು ಬರುವುದು ರೂಢಿ.

"ಜೇಸನ್ ಇರೋವಾಗ ಯಾಕೆ ಚಿಂತೆ?" ಎಂದರು ಮಾವ. ಫೈಲು ತೆರೆದರು. ಮುತ್ತಾತನ ಬ್ರಾಕೆಟ್ಟಿನೊಳಗೆ ತಾತ, ತಾತನ ಬ್ರಾಕೆಟ್ಟಿನೊಳಗೆ ಅಪ್ಪ, ಅವರೊಳಗೆ ಇವರು! ಯಾವುದೋ ವೆಬ್‌ಸೈಟಿಗೆ ಕೊಟ್ಟು ಶೀಟು ಮಾಡಿಸಿದರು. ಅದು ಇಡೀ ವಂಶವನ್ನು ಒಂದೇ ಒಂದು ಸಾಲಿನಲ್ಲಿ ನಿಲ್ಲಿಸಿತು. ಎಡಗಡೆ ಮುತ್ತಾತನಿಂದ ಹೊರಟು ಬಲಗಡೆಗೆ ಸರಿಸುತ್ತ ಹೋದರೆ, ಕೈ ನೋಯುವಷ್ಟು ಹೊತ್ತಿಗೆ ನನ್ನ ಮಗಳು ಸಿಕ್ಕಿದಳು. ರೇಷನ್ ಅಂಗಡಿಯ ಮುಂದೆ ಸೀಮೆಎಣ್ಣೆಗೆ ನಿಂತ ಹಾಗಿತ್ತು ನಮ್ಮ ವಂಶ!

"ಇದಾಗಲ್ಲ. ಒಬ್ಬರಿಗೆ ಒಂದು ಸಾಲು ಬೇಕು," ಎಂದು ಮಾವ ಮತ್ತೆ ಬಿಚ್ಚಿದರು. ಈ ಸಲ ಸಾಲುಗಳು ಬಂದವು, ಆದರೆ ಕೆಲವರು ಎರಡೆರಡು ಸಲ ಬಂದರು. ಅತ್ತೆಯದೇ ಎರಡು ಸಾಲು. ಮೇಲೆ ಒಂದು ಕಡೆ ಅಜ್ಜಿಯ ಮೊಮ್ಮಗಳು, ಕೆಳಗೆ ಇನ್ನೊಂದು ಕಡೆ ಅದೇ ಅಜ್ಜಿಯ ಸೊಸೆ. ಒಬ್ಬರೇ ಮನುಷ್ಯರು ಎರಡು ಡಬ್ಬಿಯಲ್ಲಿದ್ದರೆ ಮಾವನ ಜೀವ ತಡೆಯುತ್ತದೆಯೇ? ಒಂದೇ ಹೆಸರು ಎರಡು ಸಲ ಬಂದರೆ ಮೊದಲನೆಯದನ್ನು ಉಳಿಸಿ ಮಿಕ್ಕದ್ದನ್ನು ತೆಗೆದುಹಾಕುವ ಒಂದು ಗುಂಡಿ ಅದರಲ್ಲಿದೆ. ಗುಂಡಿ ಕಂಡ ಮೇಲೆ ಕೇಳಬೇಕೆ? ಒತ್ತಿದರು.

ನಮ್ಮಲ್ಲಿ ಪ್ರತಿ ಕವಲಿನಲ್ಲೂ ಒಬ್ಬ ಮಗನಿಗೆ ಮುತ್ತಾತ ಮುನಿಯಪ್ಪನ ಹೆಸರಿಡುವ ಪದ್ಧತಿ ಇರುವುದು ಆ ಗುಂಡಿಗೆ ಹೇಗೆ ಗೊತ್ತಾಗಬೇಕು? ಅದು ಮೊದಲ ಸಾಲಿನ ಮುತ್ತಾತನನ್ನು ಉಳಿಸಿಕೊಂಡು, ಬದುಕಿದ್ದ ಮೂವರು ಮುನಿಯಪ್ಪಂದಿರನ್ನು ನುಂಗಿ ನೀರು ಕುಡಿಯಿತು. ಅತ್ತೆಯನ್ನು ಸೊಸೆ ಎಂದು ತೋರಿಸುತ್ತಿದ್ದ ಸಾಲೂ ಹೋಯಿತು. ಮಾವ ಗಮನಿಸಲಿಲ್ಲ. ಶೀಟು ಚೊಕ್ಕಟವಾಯಿತೆಂದು ಖುಷಿಪಟ್ಟು, ಅದರಲ್ಲಿದ್ದ ನಂಬರುಗಳಿಗೆಲ್ಲ ಪೂಜೆಯ ಮೆಸೇಜು ಕಳಿಸಿ, ಫೋನ್ ನಂಬರು ಇಲ್ಲದವರ ಹೆಸರಿಗೆ ಲಕೋಟೆಗಳನ್ನು ಮುದ್ರಿಸಿದರು.

ಲಕೋಟೆಗೆ ಅಂಟು ಹಚ್ಚುತ್ತಿದ್ದ ಅತ್ತೆ ಒಂದನ್ನು ಹಿಡಿದು ನಿಂತಳು. ನಾನು ಅಲ್ಲಿಯೇ ಕೂತಿದ್ದೆ. 'ಶ್ರೀ ಮುನಿಯಪ್ಪನವರು, ಕುಟುಂಬ ಸಮೇತ' ಎಂದಿತ್ತು. ಅಡ್ರೆಸ್ಸು ಖಾಲಿ.

"ರೀ, ಇದು ನಿಮ್ಮ ಮುತ್ತಾತಂದು! ಯಾರ ಕೈಲಿ ಕಳಿಸ್ತೀರಾ? ನಮ್ಮಲ್ಲಿ ಮುಂದೆ ಯಾರು ಹೊರಡ್ತಾರೋ ಅವ್ರ ಕೈಲಾ?"

ಮಾವ ಓಡಿಬಂದು ಶೀಟು ತೆರೆದರು. ಅತ್ತೆಯೂ ಬಗ್ಗಿ ತನ್ನ ಹೆಸರು ಹುಡುಕಿದಳು. ತಾನು ಅಕ್ಕನ ಮಗಳಾಗಿ ಮಾತ್ರ ಉಳಿದಿರುವುದನ್ನೂ ಮಾವನ ಎದುರಿನ 'ಹೆಂಡತಿ' ಕಾಲಂ ಖಾಲಿ ಇರುವುದನ್ನೂ ನೋಡಿ, ಅಂಟಿನ ಬಾಟಲಿ ಕೆಳಗಿಟ್ಟು ಸೋಫಾದ ಮೇಲೆ ಕಾಲು ಮಡಿಸಿ ಕೂತಳು. "ಹಂಗಾದ್ರೆ ನಾನಿಲ್ಲಿ ನೆಂಟ್ರ ಹುಡುಗಿ. ಮಾವ, ಒಂಚೂರು ಕಾಫಿ ಮಾಡ್ಕೊಡಿ. ಸಕ್ರೆ ಕಮ್ಮಿ."

ಮಾವ ಕಾಫಿಗೆ ನೀರಿಡುವಷ್ಟರಲ್ಲಿ ಫೋನು ಬಂತು. ಕಲ್ಯಾಣ ನಗರದ ಮುನಿಯಪ್ಪನವರು! ಮಾವನ ದೊಡ್ಡಪ್ಪನ ಮಗ, ವಂಶದಲ್ಲಿ ಈಗ ಬದುಕಿರುವ ಗಂಡಸರಲ್ಲಿ ಎಲ್ಲರಿಗಿಂತ ಹಿರಿಯರು. ಪೂಜೆಯ ಮೊದಲ ಮಂಗಳಾರತಿ ಅವರದು.

"ಏನಪ್ಪಾ, ಪೂಜೆ ಅಂತೆ?"

"ಹೌದಣ್ಣ, ಮೆಸೇಜ್ ಬಂದಿರ್ಬೇಕಲ್ಲ?"

"ನನ್ ಹೆಂಡ್ತಿಗೆ ಬಂದಿದೆ. ಮಗನಿಗೆ ಬಂದಿದೆ. ಸೊಸೆಗೆ ಬಂದಿದೆ. ನನಗಿಲ್ಲ."

ಮಾವ ಗಾಬರಿಯಿಂದ ಶೀಟನ್ನು ಮೇಲೆ ಕೆಳಗೆ ಮಾಡಿದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ. "ಅಣ್ಣಾ... ನೀವು ಇಲ್ಲಣ್ಣ."

"ಎಲ್ಲಿಲ್ಲ?"

"ಎಲ್ಲೂ ಇಲ್ಲ."

ಫೋನು ಕಟ್ಟಾಯಿತು.

ನಗುವ ಮಾತಾಗಿರಲಿಲ್ಲ ಅದು. ಆ ಹಿರಿಯರು ಬರಲಿಲ್ಲವೆಂದರೆ ಅವರ ತಮ್ಮಂದಿರು ಬರುವುದಿಲ್ಲ. ತಮ್ಮಂದಿರು ಬರದಿದ್ದರೆ ಅವರ ಬೀಗರು ಬರುವುದಿಲ್ಲ. ಪಕ್ಕದ ಹಳ್ಳಿಯ ಒಂದು ಕುಟುಂಬ ಇದಕ್ಕಿಂತ ಸಣ್ಣ ಮಾತಿಗೆ ಮುರಿದು, ಒಂದೇ ದೇವರಿಗೆ ಎರಡು ಪೂಜೆ ಮಾಡಿಕೊಂಡು, ಎದುರಾಬದುರಾ ಸಿಕ್ಕರೆ ಮುಖ ತಿರುಗಿಸಿಕೊಂಡು ಓಡಾಡುತ್ತಿದೆ. ಮಾವ ಅಂದು ಊಟ ಮಾಡಲಿಲ್ಲ. ಗೂಡ್ಸ್ ಆಟೋ ಮುನಿಯಪ್ಪನಿಗೆ ಫೋನ್ ಮಾಡಿ ತಪ್ಪಾಯ್ತೆಂದಾಗ ಅವನೇನೋ "ಹೋಗ್ಲಿ ಬಿಡಿ ಚಿಕ್ಕಪ್ಪ, ಮಟನ್ ಇದೆ ತಾನೇ? ನಾನು ಕರೀದಿದ್ರೂ ಬರ್ತಿದ್ದೆ," ಎಂದ. ತೊಟ್ಟಿಲ ಮುನಿಯಪ್ಪನಿಂದ ಆಕ್ಷೇಪಣೆ ಬರಲಿಲ್ಲ. ಉಳಿದದ್ದು ಕಲ್ಯಾಣ ನಗರ.

ಮರುದಿನ ನನ್ನ ಸ್ಕೂಟರಿನ ಹಿಂದೆ ಮಾವನನ್ನು ಕೂರಿಸಿಕೊಂಡು ಹೊರಟೆ. ಅವರ ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಲ್ಯಾಪ್‌ಟಾಪು. "ಅದ್ಯಾಕೆ ಮಾವ?" ಎಂದರೆ, "ಸಾಕ್ಷಿ ಬೇಕಲ್ಲಮ್ಮಾ!" ಅಂದರು. ರಿಂಗ್ ರಸ್ತೆಯ ಉದ್ದಕ್ಕೂ ನಾನು ಬೇಡಿಕೊಂಡೆ. "ಅಲ್ಲಿ ಹೋಗಿ 'ತಪ್ಪಾಯ್ತು ಅಣ್ಣ' ಅಂತ ಮಾತ್ರ ಹೇಳಿ ಮಾವ. ಬೇರೆ ಒಂದು ಮಾತೂ ಬೇಡ."

ಮುನಿಯಪ್ಪನವರು ವರಾಂಡದಲ್ಲಿ ಪೇಪರು ಓದುತ್ತ ಕೂತಿದ್ದರು. ಪೇಪರು ಇಳಿಸಲಿಲ್ಲ.

"ತಪ್ಪಾಯ್ತು ಅಣ್ಣ," ಎಂದರು ಮಾವ. ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು. "ಬೇಕಂತ ಮಾಡಿದ್ದಲ್ಲ. ಡೂಪ್ಲಿಕೇಟ್ ತೆಗೀತಾ ಇದ್ದೆ. ನೀವು ಹೋಗ್ಬಿಟ್ರಿ."

ಪೇಪರು ಇಳಿಯಿತು. "ಡೂಪ್ಲಿಕೇಟಾ? ನಾನಾ?"

"ಹೆಸರು ಮಾತ್ರ ಅಣ್ಣ..."

"ಹಂಗಾದ್ರೆ ಒರಿಜಿನಲ್ ಯಾರಯ್ಯಾ?"

"ಮುತ್ತಾತ."

"ಅವರು ಸತ್ತು ಯಾವ ಕಾಲ ಆಯ್ತು!"

"ಅದು ಬೇರೆ ಕಾಲಂ ಅಣ್ಣ."

ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಮುನಿಯಪ್ಪನವರು ಪೇಪರು ಮಡಿಸಿ ಕೆಳಗಿಟ್ಟರು. ಮೀಸೆ ಅಲುಗಿತು. ಕೊನೆಗೆ ತುಂಬ ಬಿಗಿಯಾದ ದನಿಯಲ್ಲಿ ಒಂದು ಷರತ್ತು ಹಾಕಿದರು. ಶೀಟಿನಲ್ಲಿ ತಮ್ಮ ಹೆಸರು ಎಲ್ಲರಿಗಿಂತ ಮೇಲಿರಬೇಕು, ಮುತ್ತಾತನಿಗಿಂತಲೂ!

ಮಾವ ಬೆವರಿದರು. ಹಿಂದಿನ ರಾತ್ರಿಯಷ್ಟೇ ಮೂವರನ್ನೂ ಮತ್ತೆ ಸೇರಿಸಿ ಶೀಟನ್ನು ಅಕಾರಾದಿಯಾಗಿ ಜೋಡಿಸಿದ್ದರು. 'ಮ' ಎಲ್ಲಿ, ಮೊದಲ ಸಾಲೆಲ್ಲಿ! ಅವರ ಧರ್ಮಸಂಕಟ ನೋಡಲಾಗದೆ ನಾನೇ ಬಾಯಿ ಹಾಕಿದೆ. "ಮಾವ, ಇವರ ಸಾಲನ್ನ ಮೇಲಕ್ಕೆ ತಂದು, ಕದಲದ ಹಂಗೆ ಫ್ರೀಜ್ ಮಾಡ್ಬಹುದಲ್ವಾ?" ಮಾಡಿದರು. ಮುನಿಯಪ್ಪನವರ ಸಾಲು ತಲೆಯ ಮೇಲೆ ನಿಂತಿತು.

"ನೋಡಿ ಅಣ್ಣ, ಯಾರು ಎಷ್ಟು ಕೆಳಗೆ ಹೋದ್ರೂ ನೀವು ಅಲ್ಲಾಡಲ್ಲ."

ಮುನಿಯಪ್ಪನವರು ಕನ್ನಡಕ ಏರಿಸಿ ಸ್ವತಃ ಬೆರಳಿಟ್ಟು ಸರಿಸಿದರು. ತಮ್ಮಂದಿರು ಮೇಲೆ ಹೋಗಿ ಮಾಯವಾದರು, ಬೀಗರು ಮಾಯವಾದರು. ತಾವು ಮಾತ್ರ ನಿಂತೇ ಇದ್ದರು. ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ಮಗುವಿನ ಕೈಗೆ ಗಿಲಕಿ ಸಿಕ್ಕ ಹಾಗಾಯಿತು. "ಲೇ, ಇಲ್ಲಿ ಬಾರೇ, ನೋಡು!" ಎಂದು ಹೆಂಡತಿಯನ್ನು ಕೂಗಿದರು. ನಮಗೆ ಒಬ್ಬಟ್ಟು ತಿನ್ನಿಸಿಯೇ ಕಳಿಸಿದರು.

ಪೂಜೆಗೆ ಎಲ್ಲರೂ ಬಂದರು. ಕಲ್ಯಾಣ ನಗರದ ಹಿರಿಯರು ಮಂಗಳಾರತಿ ಎತ್ತಿದರು. ಶಾಮಿಯಾನದ ಕೆಳಗೆ ಪಂಕ್ತಿ ಸಾಗಿತು. ಯಾರೋ "ಮುನಿಯಪ್ಪಾ, ನೀರು ತಾರಪ್ಪಾ" ಎಂದರೆ ಇಬ್ಬರು ಎದ್ದರು, ಒಬ್ಬ ಅಳತೊಡಗಿದ. ಮಾವ ಮೊದಲ ಪಂಕ್ತಿಯಲ್ಲೇ ಎರಡು ಮುದ್ದೆ ಮುಗಿಸಿ, ಎಲೆಯಿಂದ ಎಲೆಗೆ ತಿರುಗುತ್ತ ಎಲ್ಲರ ನೆಂಟಸ್ತಿಕೆ ತಿದ್ದುತ್ತಿದ್ದರು. "ಅವ್ರು ನಿನಗೆ ಚಿಕ್ಕಪ್ಪ ಅಲ್ಲ ಕಣಪ್ಪಾ, ಭಾವ ಆಗ್ಬೇಕು." ಮಟನ್ ಮೂಳೆ ಚೀಪುತ್ತಿದ್ದ ಹುಡುಗರು ತಲೆಯಾಡಿಸುತ್ತಿದ್ದರು.

ದೊಡ್ಡಮ್ಮ ಬಂದದ್ದು ಕೊನೆಯ ಪಂಕ್ತಿಗೆ. ಅವರ ಮಗ ಕೈ ಹಿಡಿದು ತಂದು ಕೂರಿಸಿದ. ಈಚೆಗೆ ಅವರಿಗೆ ಮರೆವು. ಮೊದಲು ಊರುಗಳ ಹೆಸರು ಹೋದವು, ಆಮೇಲೆ ಮೊಮ್ಮಕ್ಕಳು ಅದಲುಬದಲಾದರು. ಆದರೆ ಮಾವನನ್ನು ಮರೆತಿರಲಿಲ್ಲ. ಅಜ್ಜಿ ಹೊಲಕ್ಕೆ ಹೋದರೆ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು ಅವರು. ಹೆಸರು ಹಿಡಿದು ಕರೆದದ್ದೇ ಇಲ್ಲ. "ಲೋ" ಎಂದರೆ ಸಾಕು, ಮಾವ ಎಲ್ಲಿದ್ದರೂ ತಿರುಗುತ್ತಿದ್ದರು.

ಮಾವ ಅವರ ಎಲೆಯ ಮುಂದೆ ಬಗ್ಗಿ, "ಅಕ್ಕಾ, ಸಾರು ಬಿಸಿ ಇದೆ, ನೋಡ್ಕೊಂಡು," ಎಂದರು.

ದೊಡ್ಡಮ್ಮ ತಲೆಯೆತ್ತಿದರು. ಬಹಳ ಹೊತ್ತು ನೋಡಿದರು. ಆಮೇಲೆ ಹೊರಗಿನವರ ಎದುರು ಮಾಡುವ ಹಾಗೆ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು.

"ನೀವು ಯಾರ ಕಡೆಯವ್ರು? ಗೊತ್ತಾಗ್ಲಿಲ್ಲ. ಬೇಜಾರ್ ಮಾಡ್ಕೋಬೇಡಿ."

ಸಾರಿನ ಬಕೆಟ್ಟು ಹಿಡಿದಿದ್ದ ಅತ್ತೆ ನಿಂತಲ್ಲೇ ನಿಂತಳು. ಮಾವ ಬಾಯಿ ತೆರೆದರು. ಇಲ್ಲೂ ನೆಂಟಸ್ತಿಕೆ ತಿದ್ದುತ್ತಾರೆ ಎಂದುಕೊಂಡೆ. ತಿದ್ದಲಿಲ್ಲ.

"ಇಲ್ಲೇ... ನಿಮ್ಮ ಕಡೆಯವನೇ," ಎಂದರು.

"ಊಟ ಆಯ್ತಾ ನಿಮ್ದು?"

"ಇಲ್ಲ."

"ಅಯ್ಯೋ! ಇಷ್ಟೊತ್ತಾದ್ರೂ ಇಲ್ವಾ? ಕೂತ್ಕೊಳ್ಳಿ, ಕೂತ್ಕೊಳ್ಳಿ."

ಮಾವ ಅವರ ಪಕ್ಕದಲ್ಲಿ ಕೂತರು. ಅತ್ತೆ ಎಲೆ ಹಾಸಿ, ಮುದ್ದೆಯಿಟ್ಟು, ಸಾರು ಬಿಟ್ಟಳು. ದೊಡ್ಡಮ್ಮ ತಮ್ಮ ಎಲೆಯಲ್ಲಿ ಮೆತ್ತಗಿದ್ದ ಒಂದು ತುಂಡು ಹುಡುಕಿ ಮಾವನ ಎಲೆಗೆ ಹಾಕಿದರು. ಮಾವ ತಲೆ ಎತ್ತದೆ, ತುತ್ತಿನ ಮೇಲೆ ತುತ್ತು ಗಬಗಬನೆ ನುಂಗತೊಡಗಿದರು.

ದೊಡ್ಡಮ್ಮ ಸ್ವಲ್ಪ ಹೊತ್ತು ನೋಡಿ, ಅವರ ಮಂಡಿಯ ಮೇಲೆ ಪಟ್ಟನೆ ಒಂದು ಕೊಟ್ಟರು.

"ಲೋ, ನಿಧಾನ ಕಣೋ. ಯಾರೂ ಕಿತ್ಕೊಳಲ್ಲ."

ಹೇಳಿದವರು ಮತ್ತೆ ತಮ್ಮ ಎಲೆಯ ಕಡೆ ತಿರುಗಿದರು. ಮಾವನ ಕೈ ತುತ್ತಿನೊಂದಿಗೆ ಗಾಳಿಯಲ್ಲೇ ನಿಂತಿತ್ತು.

"ಹ್ಞೂಂ ಅಕ್ಕಾ," ಎಂದರು, ಆ ತುತ್ತನ್ನು ಬಾಯಿಗಿಟ್ಟು ಮೆಲ್ಲಗೆ ಅಗಿದರು.

ಪಂಕ್ತಿಯವರೆಲ್ಲ ಎದ್ದು ಕೈ ತೊಳೆಯಲು ಹೋದರು. ಎಲೆ ಎತ್ತುವವರು ಬುಟ್ಟಿ ಹಿಡಿದು ಬಂದರು. ಅತ್ತೆ ಬಕೆಟ್ಟು ಕೆಳಗಿಟ್ಟು, ಅವರಿಗೆ ಕೈಸನ್ನೆಯಲ್ಲೇ, ಇನ್ನೂ ಸ್ವಲ್ಪ ಹೊತ್ತು ಎಂದಳು.